ಪಲ್ಲಕ್ಕಿಯ ಕೆಳಗಿನ ಹೆಗಲು

ಹಂಪಿಯ ವಿರೂಪಾಕ್ಷ ದೇವಸ್ಥಾನದ ರಂಗಮಂಟಪದಲ್ಲಿ ನಿಂತು ಸೂರಿನ ಚಿತ್ರ ನೋಡಿದರೆ ಕತ್ತು ನೋಯ್ತದೆ. ಕೃಷ್ಣದೇವರಾಯ ತನ್ನ ಪಟ್ಟಾಭಿಷೇಕದ ನೆನಪಿಗೆ 1510ರ ಹೊತ್ತಿಗೆ ಕಟ್ಟಿಸಿದ ಮಂಟಪ ಇದು. ಇಂಥ ಗುಡಿಗಳ ಬಾಗಿಲನ್ನು ನಮ್ಮವರಿಗೆ ಕಾನೂನು ತೆರೆದದ್ದು ಬಳ್ಳಾರಿ ಇನ್ನೂ ಮದ್ರಾಸಿಗೆ ಸೇರಿದ್ದಾಗ, 1947ರ ದೇವಾಲಯ ಪ್ರವೇಶ ಕಾಯ್ದೆಯಿಂದ. ಹಾಗಾಗಿ ನಾವು ತಡವಾಗಿ ಬಂದ ನೋಡುಗರು. ತಡವಾಗಿ ಬಂದವರಿಗೆ ಬೇರೆಯದೇ ಕಾಣುತ್ತದೆ.

ಮೇಲೆ ಎಲ್ಲೆಲ್ಲೂ ಬಿಲ್ಲು. ಶಿವ ತ್ರಿಪುರಕ್ಕೆ ಗುರಿಯಿಟ್ಟಿದ್ದಾನೆ, ಮನ್ಮಥ ಶಿವನಿಗೆ, ಅರ್ಜುನ ಮೀನಿಗೆ. ತ್ರಿಪುರದ ಕತೆಯಲ್ಲಂತೂ ಭೂಮಿಯೇ ರಥ, ಸೂರ್ಯ ಚಂದ್ರರೇ ಗಾಲಿ, ಮೇರುವೇ ಬಿಲ್ಲು, ವಿಷ್ಣುವೇ ಬಾಣ, ಬ್ರಹ್ಮನೇ ಸಾರಥಿ. ಲೋಕಕ್ಕೆ ಲೋಕವೇ ಆಯುಧವಾಗಿ ಮೂರು ಊರು ಸುಡುತ್ತದೆ. ಆ ಊರುಗಳಲ್ಲಿ ನೀರು ಹೊರುವವರು, ಚಪ್ಪಲಿ ಹೊಲಿಯುವವರು ಇರಲಿಲ್ಲವೇ? ಕತೆ ಅವರನ್ನು ಕೇಳೋದೇ ಇಲ್ಲ. ಜೋತಿಬಾ ಫುಲೆ 1873ರಲ್ಲೇ ‘ಗುಲಾಮಗಿರಿ’ಯಲ್ಲಿ ಪುರಾಣವನ್ನು ತಿರುಗಿಸಿ ಓದಿ, ಬಲಿಯನ್ನು ನ್ಯಾಯದ ರಾಜನಾಗಿ ಕಂಡರು. ಅಸುರರೇ ನಾವು ಎನ್ನುವ ಧೈರ್ಯ ನಮಗೆ ಬಂದದ್ದು ಅಂಥ ಓದಿನಿಂದ.

ಆದರೆ ತಿರುಗಿಸಿದರೆ ಸಾಕೇ?

ಅದೇ ಸೂರಿನಲ್ಲಿ ಒಂದು ಮೆರವಣಿಗೆಯಿದೆ. ವಿದ್ಯಾರಣ್ಯರದು ಅಂತಾರೆ. ಪಲ್ಲಕ್ಕಿಯಲ್ಲಿ ಗುರು ಅಲುಗದೆ ಕೂತಿದ್ದಾರೆ. ಕಣ್ಣು ಮೊದಲು ಅಲ್ಲಿಗೇ ಹೋಗುವಂತೆ ಚಿತ್ರವನ್ನು ಜೋಡಿಸಲಾಗಿದೆ. ಆದರೆ ಚಿತ್ರ ನಡೆಯುತ್ತಿರುವುದು ಹೊತ್ತವರ ಕಾಲುಗಳಿಂದ. ಆ ಕಾಲುಗಳನ್ನು ಅಳಿಸಿ ನೋಡಿ, ಮೆರವಣಿಗೆ ನಿಂತೇ ಹೋಗ್ತದೆ. ಕೂತವರಿಗೆ ಹೆಸರುಂಟು, ಹೊತ್ತವರಿಗೆ ಇಲ್ಲ. ಕೂತವರನ್ನು ಇಳಿಸಿ ನಾವೇ ಹತ್ತಿ ಕೂತರೂ ಕೆಳಗೆ ಇನ್ಯಾರದೋ ಹೆಗಲು ಬೇಕಲ್ಲ.

ಈ ಮಾತನ್ನು ಮೊದಲು ನಮಗೇ ಹೇಳಿಕೊಳ್ಳಬೇಕು. ನಮ್ಮ ಮನೆಗಳಲ್ಲಿ ಮೊದಲ ಪದವಿ ಪಡೆದವರು ನಾವು. ಅವ್ವ ಕೂಲಿಗೆ ಹೋದಳು, ತಂಗಿ ಶಾಲೆ ಬಿಟ್ಟಳು, ನಾವು ಪುಸ್ತಕ ಹಿಡಿದೆವು. ಈ ಡಿಗ್ರಿಯೂ ಒಂದು ಪಲ್ಲಕ್ಕಿಯೇ. ಅದರ ಮೇಲೆ ಕೂತು ಕ್ರಾಂತಿಯ ಪದ್ಯ ಬರೆದರೆ ಹೊತ್ತವರ ಭಾರ ಇಳಿಯೋದಿಲ್ಲ.

ಚಿತ್ರವನ್ನು ಕೆರೆದು ಹಾಕಬೇಕು ಅಂತ ನಾವು ಹೇಳ್ತಿಲ್ಲ. ಕೆರೆದರೆ ಹೊತ್ತವರ ಗುರುತೂ ಹೋಗುತ್ತದೆ. ಮಕ್ಕಳನ್ನು ಹಂಪಿಗೆ ಪ್ರವಾಸ ಕರೆದೊಯ್ಯುವ ಮೇಷ್ಟ್ರುಗಳೇ, ದೇವರ ಹೆಸರು ಕೇಳುವ ಮೊದಲು ಪಲ್ಲಕ್ಕಿ ಹೊತ್ತವರನ್ನು ಎಣಿಸಲು ಹೇಳಿ. ಎಣಿಸಿದ ಮಗು ಮನೆಗೆ ಬಂದು ಅವ್ವನ ಹೆಗಲನ್ನೂ ನೋಡೀತು.