ಸುಳ್ಳನ್ನು ಯಾವ ಖಾತೆಗೆ ಬರೆಯುವುದು?

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆಯನ್ನು ನಾವೆಲ್ಲ ಕೇಳುತ್ತಲೇ ಬೆಳೆದವರು. ಹುಡುಗನ ಸಂಬಳಕ್ಕೆ ಸ್ವಲ್ಪ ಕೂಡಿಸಿ, ಹುಡುಗಿಯ ವಯಸ್ಸಿನಲ್ಲಿ ಸ್ವಲ್ಪ ಕಳೆದು ಹೇಳುವ ಸೋದರತ್ತೆಯನ್ನು ಯಾರೂ ಸುಳ್ಳುಗಾರ್ತಿ ಎನ್ನುವುದಿಲ್ಲ. ಉದ್ದೇಶ ಒಳ್ಳೆಯದು, ಎರಡು ಮನೆಗಳು ಒಂದಾಗುತ್ತವೆ, ಹೇಳಿದ್ದನ್ನು ಎಲ್ಲರೂ ಮರೆಯುತ್ತಾರೆ. ಹಾಗಾದರೆ ಒಂದು ಮದುವೆಯ ಬದಲು ಒಂದು ಊರಿನ ಮಕ್ಕಳ ಜೀವ ಉಳಿಯುವುದಾದರೆ ಎಷ್ಟು ಸುಳ್ಳು ಹೇಳಬಹುದು? ಒಂದನ್ನಾದರೂ ಹೇಳಬಹುದೇ?

ಈ ಪ್ರಶ್ನೆ ನನ್ನ ಬಳಿಗೆ ಬಂದದ್ದು ಒಂದು ಬಜೆಟ್ಟಿನ ಮೂಲಕ. ನಾನು ವೃತ್ತಿಯಿಂದ ಲೆಕ್ಕಿಗ. ಊರಿನಲ್ಲಿ ಬಿ.ಕಾಂ., ಸಿ.ಎ. ಮುಗಿಸಿ ಅಮೆರಿಕದ ಒಹಾಯೋ ರಾಜ್ಯಕ್ಕೆ ಬಂದು ನೆಲೆಸಿದವನು. ವೈದ್ಯಶಾಸ್ತ್ರಕ್ಕೂ ನನಗೂ ಸಂಬಂಧವಿಲ್ಲ. ಇಲ್ಲಿನ ಸಾರ್ವಜನಿಕ ಆರೋಗ್ಯ ಇಲಾಖೆಯೊಂದರಲ್ಲಿ ಕೆಲಸ ಮಾಡುವ ಸ್ನೇಹಿತೆಯೊಬ್ಬರು, ತಾವು ತಯಾರಿಸುತ್ತಿದ್ದ ಸೋಷಿಯಲ್ ಮೀಡಿಯಾ ಯೋಜನೆಯ ಖರ್ಚಿನ ಭಾಗವನ್ನು ಒಮ್ಮೆ ನೋಡಿಕೊಡಿ ಎಂದರು. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್ ಒಂದೊಂದಕ್ಕೂ ಒಂದು ಸಾಲು. ಎಷ್ಟು ಜನ ನೋಡಬೇಕು, ಎಷ್ಟು ಲೈಕ್ ಬರಬೇಕು, ಸಾವಿರ ವೀಕ್ಷಣೆಗೆ ಎಷ್ಟು ಡಾಲರ್ ಬೀಳುತ್ತದೆ ಎಂಬ ಅಂಕಣಗಳು. ಕೂಡುವಿಕೆ ಸರಿಯಾಗಿಯೇ ಇತ್ತು. ಅವರನ್ನು ಕಾಡುತ್ತಿದ್ದದ್ದು ಬೇರೆ. ದಡಾರದ ಲಸಿಕೆಯ ಬಗ್ಗೆ ಹಾಕಬೇಕಾದ ಒಂದು ಪೋಸ್ಟಿನಲ್ಲಿ ಪೂರ್ತಿ ನಿಜ ಹೇಳಬೇಕೇ ಎಂಬುದು ಅವರ ಚಿಂತೆ.

ಅದರ ಹಿನ್ನೆಲೆ ಹೇಳಬೇಕು. ಅಮೆರಿಕದಲ್ಲಿ ದಡಾರ ನಿರ್ಮೂಲನೆಯಾಯಿತೆಂದು 2000ದಲ್ಲಿ ಘೋಷಿಸಲಾಗಿತ್ತು. ಆದರೆ ನಮ್ಮ ಒಹಾಯೋದಲ್ಲೇ, ಕೊಲಂಬಸ್ ನಗರದ ಸುತ್ತ, 2022ರ ಕೊನೆಯಲ್ಲಿ ಅದು ಮತ್ತೆ ಕಾಣಿಸಿಕೊಂಡಿತು. ಒಟ್ಟು 85 ಪ್ರಕರಣಗಳು; ಬಹುತೇಕ ಎಲ್ಲರೂ ಲಸಿಕೆ ಪಡೆಯದ ಮಕ್ಕಳು. ಅವರಲ್ಲಿ 36 ಮಂದಿ ಆಸ್ಪತ್ರೆ ಸೇರಬೇಕಾಯಿತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಎರಡು ಡೋಸ್ ಲಸಿಕೆ ಶೇಕಡಾ 97ರಷ್ಟು ರಕ್ಷಣೆ ಕೊಡುತ್ತದೆ. ಅಂದರೆ ನೂರರಲ್ಲಿ ಸುಮಾರು ಮೂವರಿಗೆ ಆ ರಕ್ಷಣೆ ಸಿಗದೆ ಹೋಗಬಹುದು. ಕೆಲವು ಮಕ್ಕಳಿಗೆ ಲಸಿಕೆಯ ನಂತರ ಜ್ವರ ಬರುತ್ತದೆ. ತೀರ ಅಪರೂಪಕ್ಕೆ ಜ್ವರದಿಂದ ಫಿಟ್ಸ್ ಕೂಡ ಬರುವುದುಂಟು. ಇವನ್ನೆಲ್ಲ ಹೇಳಿದರೆ ವಿರೋಧಿಗಳು ಆ ಒಂದೇ ಸಾಲನ್ನು ಕತ್ತರಿಸಿ ಊರೆಲ್ಲ ಹಂಚುತ್ತಾರೆ. ಹೇಳದೆ ಬಿಟ್ಟು, ಪೂರ್ಣ ಸುರಕ್ಷಿತ, ಪೂರ್ಣ ಪರಿಣಾಮಕಾರಿ ಎಂದು ಬರೆದರೆ ಹೆಚ್ಚು ತಾಯಂದಿರು ಮಕ್ಕಳನ್ನು ಕರೆತರುತ್ತಾರೆ. ನೀವೇ ಹೇಳಿ, ಯಾವುದು ಧರ್ಮ ಎಂದರು.

ನನಗೆ ಮೊದಲು ನೆನಪಾದದ್ದು ಕುರುಕ್ಷೇತ್ರದ ಹದಿನೈದನೆಯ ದಿನ. ಅಶ್ವತ್ಥಾಮ ಸತ್ತನೆಂದು ಭೀಮ ಕೂಗಿದಾಗ ದ್ರೋಣ ನಂಬಲಿಲ್ಲ. ಅವನು ಕೇಳಿದ್ದು ಧರ್ಮರಾಯನನ್ನು. ಧರ್ಮರಾಯ ಹೌದೆಂದ, ಸತ್ತದ್ದು ಆನೆ ಎಂಬುದನ್ನು ಕೇಳಿಸದಂತೆ ಗೊಣಗಿದ. ಈ ಕಥೆಯಲ್ಲಿ ನಾವು ಗಮನಿಸದೆ ಬಿಡುವ ಸಂಗತಿಯೊಂದಿದೆ. ಆ ಸುಳ್ಳು ಫಲಿಸಿದ್ದೇ, ಹೇಳಿದವನು ಎಂದೂ ಸುಳ್ಳಾಡದವನಾದ್ದರಿಂದ. ಭೀಮನ ಬಾಯಲ್ಲಿ ಅದಕ್ಕೆ ಕಾಸಿನ ಬೆಲೆ ಇರಲಿಲ್ಲ. ಜೀವಮಾನವಿಡೀ ಕೂಡಿಟ್ಟ ನಂಬಿಕೆಯನ್ನು ಧರ್ಮರಾಯ ಒಂದು ಮಧ್ಯಾಹ್ನ ಖರ್ಚು ಮಾಡಿದ. ಅಲ್ಲಿಯವರೆಗೆ ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ಅವನ ರಥ ಆಮೇಲೆ ಎಲ್ಲರ ರಥಗಳಂತೆ ನೆಲಕ್ಕಿಳಿಯಿತು.

ಆರೋಗ್ಯ ಇಲಾಖೆಯ ಮಾತಿಗೆ ಬೆಲೆ ಬರುವುದೂ ಹೀಗೆಯೇ. ವಾಟ್ಸಾಪಿನಲ್ಲಿ ಸುಳ್ಳು ಹರಡುವವನಿಗೆ ಕಳೆದುಕೊಳ್ಳಲು ಏನೂ ಇಲ್ಲ. ಅವನು ಭೀಮನಂತೆ ನೂರು ಸಲ ಕೂಗಬಹುದು. ಇಲಾಖೆ ಒಂದೇ ಸಲ ಹೇಳಿದರೂ ಬಂಡವಾಳ ಕರಗುತ್ತದೆ.

2020ರ ಫೆಬ್ರವರಿ 29ರಂದು ಅಮೆರಿಕದ ಸರ್ಜನ್ ಜನರಲ್ ಜೆರೋಮ್ ಆಡಮ್ಸ್ ಟ್ವಿಟರಿನಲ್ಲಿ ಬರೆದದ್ದನ್ನು ಇಲ್ಲಿರುವವರಾರೂ ಮರೆತಿರಲಾರರು. ಮಾಸ್ಕ್ ಕೊಳ್ಳುವುದನ್ನು ನಿಲ್ಲಿಸಿ, ಸಾಮಾನ್ಯ ಜನರಿಗೆ ಅದರಿಂದ ಕೊರೋನಾ ತಡೆಯಲಾಗದು ಎಂದರು. ಅದೇ ಸಂದೇಶದಲ್ಲಿ, ರೋಗಿಗಳನ್ನು ನೋಡಿಕೊಳ್ಳುವವರಿಗೆ ಮಾಸ್ಕ್ ಸಿಗದಿದ್ದರೆ ಎಲ್ಲರಿಗೂ ಅಪಾಯ ಎಂದೂ ಇತ್ತು. ಉದ್ದೇಶ ಒಳ್ಳೆಯದೇ; ದಾಸ್ತಾನು ಕಡಿಮೆ ಇತ್ತು, ದಾದಿಯರಿಗೆ ಬೇಕಿತ್ತು. ಆದರೆ ನರ್ಸಿಗೆ ಉಪಯೋಗವಾಗುವ ಬಟ್ಟೆ ನನಗೇಕೆ ಉಪಯೋಗವಿಲ್ಲ ಎಂದು ಮಕ್ಕಳೂ ಕೇಳಿದರು. ಐದು ವಾರ ಕಳೆಯುವಷ್ಟರಲ್ಲಿ, ಏಪ್ರಿಲ್ 3ರಂದು, ಎಲ್ಲರೂ ಬಟ್ಟೆಯಿಂದ ಮುಖ ಮುಚ್ಚಿಕೊಳ್ಳಿ ಎಂಬ ಸಲಹೆ ಬಂತು. ಅದೇ ಮಾರ್ಚ್ 28ರಂದು ವಿಶ್ವ ಆರೋಗ್ಯ ಸಂಸ್ಥೆ, ಈ ರೋಗ ಗಾಳಿಯಿಂದ ಹರಡುವುದಿಲ್ಲ ಎಂಬುದು ‘ವಾಸ್ತವ’ ಎಂದು ದಪ್ಪಕ್ಷರದಲ್ಲಿ ಟ್ವೀಟ್ ಮಾಡಿತ್ತು. ಮರುವರ್ಷ ಅದೇ ಸಂಸ್ಥೆ, ಸೋಂಕಿನ ಕಣಗಳು ಗಾಳಿಯಲ್ಲಿ ನಿಂತು ಹರಡಬಲ್ಲವು ಎಂದು ತಿದ್ದಿ ಬರೆಯಬೇಕಾಯಿತು.

ಇಲ್ಲಿ ನನ್ನ ಕಸುಬು ಸ್ವಲ್ಪ ನೆರವಿಗೆ ಬರುತ್ತದೆ. ಭಾರತದಲ್ಲಿ ಸಿ.ಎ. ಓದುವವರು ಎಎಸ್ 5 ಎಂಬ ಲೆಕ್ಕಪತ್ರ ಮಾನದಂಡವನ್ನು ಕಲಿಯುತ್ತಾರೆ. ಅಂದಾಜು ಬದಲಾಗುವುದು ಬೇರೆ, ಹಿಂದಿನ ಲೆಕ್ಕದಲ್ಲಿ ತಪ್ಪಿರುವುದು ಬೇರೆ ಎಂದು ಅದು ಹೇಳುತ್ತದೆ. ಯಂತ್ರ ಹತ್ತು ವರ್ಷ ಬಾಳುತ್ತದೆಂದು ಭಾವಿಸಿದ್ದೆವು, ಈಗ ಏಳೇ ವರ್ಷ ಎಂದು ತಿಳಿಯಿತು. ಇದು ಅಂದಾಜಿನ ಬದಲಾವಣೆ. ಇದರಲ್ಲಿ ನಾಚಿಕೆಯಿಲ್ಲ. ಆಗ ಗೊತ್ತಿದ್ದುದನ್ನೇ ಕೈಬಿಟ್ಟು ಬರೆದಿದ್ದರೆ ಅದು ತಪ್ಪು. ಲಕ್ಷಣವಿಲ್ಲದವರಿಂದಲೂ ಕೊರೋನಾ ಹರಡುತ್ತದೆ ಎಂಬುದು ದಿನದಿಂದ ದಿನಕ್ಕೆ ಸ್ಪಷ್ಟವಾದಂತೆ ಸಲಹೆ ಬದಲಾದದ್ದು ಅಂದಾಜಿನ ಬದಲಾವಣೆಯೇ. ಜನ ಅದನ್ನು ಕ್ಷಮಿಸುತ್ತಿದ್ದರು. ಸದ್ಯಕ್ಕೆ ನಮಗೆ ತಿಳಿದಿರುವುದು ಇಷ್ಟು, ಮಾಸ್ಕ್ ಕಡಿಮೆ ಇವೆ, ಮೊದಲು ದಾದಿಯರಿಗೆ ಬಿಡಿ ಎಂದಿದ್ದರೆ ಬಹಳಷ್ಟು ಜನ ಬಿಡುತ್ತಲೂ ಇದ್ದರು. ಅಂದಾಜನ್ನು ಸತ್ಯವೆಂದು ಮೊಹರು ಒತ್ತಿ ಕೊಟ್ಟದ್ದೇ ಪೆಟ್ಟಾಯಿತು.

ಇದನ್ನೆಲ್ಲ ಹೇಳಿದಾಗ ಸ್ನೇಹಿತೆ ಸುಲಭಕ್ಕೆ ಒಪ್ಪಲಿಲ್ಲ. ನಿಮ್ಮದು ಬ್ಯಾಲೆನ್ಸ್ ಶೀಟಿನ ನೀತಿ ಎಂದರು. ನಂಬಿಕೆ ಕರಗುತ್ತದೆ, ಆದ್ದರಿಂದ ಸುಳ್ಳು ಬೇಡ ಎನ್ನುತ್ತೀರಿ. ಯಾರಿಗೂ ಎಂದೂ ಗೊತ್ತಾಗದ, ನಂಬಿಕೆಯನ್ನು ಕರಗಿಸದ ಸುಳ್ಳಾದರೆ? ನನ್ನ ಪೋಸ್ಟಿನಲ್ಲಿ ಒಂದು ಸಾಲು ಬಿಟ್ಟದ್ದರಿಂದ ಒಂದು ಮಗು ಉಳಿದರೆ?

ಈ ಪ್ರಶ್ನೆಗೆ ಲೆಕ್ಕದಲ್ಲಿ ಉತ್ತರವಿಲ್ಲ. ಪ್ರಾಮಾಣಿಕತೆಯಿಂದ ಲಾಭ, ಆದ್ದರಿಂದ ಪ್ರಾಮಾಣಿಕನಾಗಿರುತ್ತೇನೆ ಎನ್ನುವವನು, ಲಾಭ ಆಚೆ ಕಡೆಗೆ ತಿರುಗಿದ ದಿನ ತಾನೂ ತಿರುಗುತ್ತಾನೆ. ಅವನು ಹೂಡಿಕೆದಾರ, ಅಷ್ಟೆ. ಹಾಗಾಗಿ ನಾನು ಬೇರೊಂದು ನೆಲೆಯನ್ನು ಹುಡುಕಬೇಕಾಯಿತು. ನನಗೆ ಸಿಕ್ಕಿದ್ದು ಆಸ್ಪತ್ರೆಯ ಒಪ್ಪಿಗೆ ಪತ್ರ. ಶಸ್ತ್ರಚಿಕಿತ್ಸೆಗೆ ಮುನ್ನ ವೈದ್ಯರು ಅಪಾಯಗಳನ್ನು ಹೇಳಿ ಸಹಿ ಪಡೆಯುತ್ತಾರೆ. ರೋಗಿ ಹೆದರಿ ಎದ್ದು ಹೋಗಬಹುದು, ಅದರಿಂದ ಅವನಿಗೇ ಕೇಡಾಗಬಹುದು. ಆದರೂ ಹೇಳುತ್ತಾರೆ, ಏಕೆಂದರೆ ದೇಹ ಅವನದು. ಇಲಾಖೆಯ ಪೋಸ್ಟ್ ಎಂಬುದು ಲಕ್ಷ ಜನರ ಮುಂದೆ ಹಿಡಿದ ಒಪ್ಪಿಗೆ ಪತ್ರ. ಅದರ ಒಂದು ಸಾಲನ್ನು ಬೇಕೆಂದೇ ಮರೆಮಾಡಿದರೆ, ಆ ತಾಯಿ ತೋಳು ಚಾಚಿ ಮಗುವನ್ನು ಕೊಟ್ಟರೂ ಒಪ್ಪಿ ಕೊಟ್ಟಂತಾಗುವುದಿಲ್ಲ. ನಾವು ಅವಳನ್ನು ಒಪ್ಪಿಸಿರುವುದಿಲ್ಲ, ನಡೆಸಿರುತ್ತೇವೆ. ದನವನ್ನು ನಡೆಸಬಹುದು.

ಇದರ ಬೆಲೆಯನ್ನು ನಾನು ಮುಚ್ಚಿಡಲಾರೆ. ಪೂರ್ತಿ ಹೇಳಿದ್ದರಿಂದ ಹೆದರಿ ಹಿಂದೆ ಸರಿಯುವ ತಾಯಿ ಇದ್ದೇ ಇರುತ್ತಾಳೆ. ಆ ಮಗುವಿಗೆ ದಡಾರ ಬಂದರೆ ನನ್ನ ಒಪ್ಪಿಗೆ ಪತ್ರದ ತರ್ಕದಿಂದ ಅದಕ್ಕೇನೂ ಉಪಯೋಗವಿಲ್ಲ. ಆದ್ದರಿಂದ ನಿಜ ಹೇಳಿ ಕೈ ತೊಳೆದುಕೊಳ್ಳುವುದು ಸಾಲದು. ನಿಜವನ್ನು ಕೇಳುವಂತೆ, ಅರ್ಥವಾಗುವಂತೆ ಹೇಳುವ ಹೊಣೆಯೂ ಸೇರಿಕೊಳ್ಳುತ್ತದೆ. ಸರಳವಾಗಿ ಹೇಳುವುದು ಸುಳ್ಳಲ್ಲ, ಆಕರ್ಷಕವಾಗಿ ಹೇಳುವುದೂ ಸುಳ್ಳಲ್ಲ. 2011ರ ಮೇ ತಿಂಗಳಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ನಡೆದಾಡುವ ಹೆಣಗಳು ಊರಿಗೆ ನುಗ್ಗಿದರೆ ಏನೇನು ಸಿದ್ಧವಿಟ್ಟುಕೊಳ್ಳಬೇಕು ಎಂದು ತಮಾಷೆಯ ಬರಹವೊಂದನ್ನು ಪ್ರಕಟಿಸಿತು. ಓದುಗರ ನೂಕುನುಗ್ಗಲಿಗೆ ಸರ್ವರ್ ಕೆಟ್ಟು ನಿಂತಿತು. ನೀರು, ಔಷಧಿ ಎಂದು ಅಲ್ಲಿ ಹೇಳಿದ್ದೆಲ್ಲ ಚಂಡಮಾರುತಕ್ಕೂ ಬೇಕಾದದ್ದೇ. ಯಾರೂ ಮೋಸ ಹೋಗಲಿಲ್ಲ, ಎಲ್ಲರೂ ಓದಿದರು.

ಊರಿನ ಕಡೆಗೂ ಇದು ಸಲ್ಲುತ್ತದೆ. 2017ರ ಫೆಬ್ರವರಿಯಲ್ಲಿ ಕರ್ನಾಟಕವೂ ಸೇರಿದಂತೆ ಐದು ಕಡೆ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ಶುರುವಾದಾಗ, ಲಸಿಕೆಯ ವಿರುದ್ಧದ ವದಂತಿಗಳು ವಾಟ್ಸಾಪಿನಲ್ಲಿ ಓಡಾಡಿದವು. ಅಂಥ ಸಂದೇಶ ನಮ್ಮ ಕುಟುಂಬದ ಗುಂಪುಗಳಿಗೂ ಬರುತ್ತದೆ. ಕಡಲಾಚೆ ಕುಳಿತ ನಾವು ಇಂಗ್ಲಿಷಿನ ಕೊಂಡಿಯೊಂದನ್ನು ಎಸೆದು ಸುಮ್ಮನಾಗುತ್ತೇವೆ. ಚಿಕ್ಕಮ್ಮ ನಂಬುವುದು ಕೊಂಡಿಯನ್ನಲ್ಲ, ಮನೆ ಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆಯನ್ನು. ಮಗುವಿಗೆ ರಾತ್ರಿ ಜ್ವರ ಬರಬಹುದು, ಹೆದರಬೇಡಿ ಎಂದು ಅವಳು ಮೊದಲೇ ಹೇಳಿ ಹೋಗಿದ್ದರೆ, ಜ್ವರ ಬಂದಾಗ ಅವಳ ಮಾತು ನಿಜವಾಯಿತೆಂದು ನಂಬಿಕೆ ಹೆಚ್ಚುತ್ತದೆ. ಹೇಳದೆ ಹೋಗಿದ್ದರೆ ಅದೇ ಜ್ವರ ಅವಳ ವಿರುದ್ಧ ಸಾಕ್ಷಿ ನುಡಿಯುತ್ತದೆ.

ಯೋಜನೆಯಲ್ಲಿ ಏನು ಬದಲಿಸಲಿ ಎಂದು ಸ್ನೇಹಿತೆ ಕೇಳಿದಾಗ ನಾನು ಎರಡೇ ಮಾತು ಹೇಳಿದೆ. ಪ್ರತಿ ಪೋಸ್ಟಿಗೂ ಮುನ್ನ ಮೂರು ಅಂಕಣ ತುಂಬಿ: ನಮಗೆ ಗೊತ್ತಿರುವುದು, ಗೊತ್ತಿಲ್ಲದಿರುವುದು, ಮತ್ತೆ ಯಾವಾಗ ಹೇಳುತ್ತೇವೆ ಎಂಬುದು. ಎರಡನೆಯದಾಗಿ, ತಪ್ಪಾದ ಪೋಸ್ಟನ್ನು ಸದ್ದಿಲ್ಲದೆ ಅಳಿಸಬೇಡಿ. ನಮ್ಮ ಪುಸ್ತಕಗಳಲ್ಲಿ ತಪ್ಪು ನಮೂದನ್ನು ಕೆರೆದು ತೆಗೆಯುವಂತಿಲ್ಲ. ಅದನ್ನು ಹಾಗೆಯೇ ಬಿಟ್ಟು, ದಿನಾಂಕ ಹಾಕಿ, ಕಾರಣ ಬರೆದು, ತಿದ್ದುಪಡಿಯ ನಮೂದು ಹಾಕುತ್ತೇವೆ. ಪುಟ ಅಂದಗೆಡುತ್ತದೆ. ಆದರೆ ಆಡಿಟರ್ ನಂಬುವುದು ಆ ಪುಟವನ್ನೇ. ಒಂದೂ ತಿದ್ದುಪಡಿಯಿಲ್ಲದ ಪುಸ್ತಕ ಕಂಡರೆ ಅವನಿಗೆ ಅನುಮಾನ.

ಲೈಕುಗಳ ಅಂಕಣ ಹಾಗೆಯೇ ಇರಲಿ ಎಂದೆ, ಖರ್ಚಿಗೆ ಲೆಕ್ಕ ಕೊಡಬೇಕಲ್ಲ. ನೂರರಲ್ಲಿ ಮೂವರ ಸಾಲನ್ನು ಮಾತ್ರ ಅವರು ಪೋಸ್ಟಿನ ಕೆಳಗೆ ಸಣ್ಣಕ್ಷರದಲ್ಲಿ ಹಾಕದೆ, ತೊಂಬತ್ತೇಳರ ಪಕ್ಕದಲ್ಲೇ ಅಷ್ಟೇ ದಪ್ಪಗೆ ಹಾಕಿದರು.