ತುಕ್ಕಿಗೂ ಒಂದು ನಿಯತ್ತು

ಅಮೆರಿಕದ ರ‍್ಯಾಟ್ ರಾಡ್ ಕಾರಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ತುಕ್ಕು. 1930ರ ಆಸುಪಾಸಿನ ಫೋರ್ಡ್ ಬಾಡಿ, ಕತ್ತರಿಸಿ ತಗ್ಗಿಸಿದ ಚಾವಣಿ, ಬಾನೆಟ್ ಇಲ್ಲದೆ ತೆರೆದುಕೊಂಡ ಎಂಜಿನ್, ಬಣ್ಣ ಇರಬೇಕಾದ ಕಡೆ ಪ್ರೈಮರ್ ಅಥವಾ ಬರಿಯ ತಗಡು. ಗುಜರಿಯಿಂದ ಆಯ್ದ ಭಾಗಗಳನ್ನು ಸೇರಿಸಿ, ಕೈಯಲ್ಲಿರುವಷ್ಟೇ ದುಡ್ಡಿನಲ್ಲಿ ಮನೆಯ ಗ್ಯಾರೇಜಿನಲ್ಲಿ ಕಟ್ಟುವ ಗಾಡಿ ಇದು. ಇಂಥದ್ದನ್ನು ಒಳ್ಳೆಯ ಕಾರು, ಕೆಟ್ಟ ಕಾರು ಎಂದು ಯಾವ ಅಳತೆಯಿಂದ ಹೇಳುವುದು? ಅಂದದ ಅಳತೆ ಇಲ್ಲಿ ಸಲ್ಲದು, ವೇಗದ ಅಳತೆ ಸಾಲದು. ದುಡ್ಡು ಸಾಲದೆ ಬಂದಾಗ ಕಟ್ಟಿದವನು ಯಾವುದನ್ನು ಬಿಟ್ಟುಕೊಟ್ಟ, ಯಾವುದನ್ನು ಎಷ್ಟೇ ಕಷ್ಟವಾದರೂ ಬಿಡಲಿಲ್ಲ ಎಂಬುದನ್ನು ನೋಡಬೇಕು ಎಂಬುದು ನನ್ನ ವಾದ.

ಇದರ ಬೇರು ದಕ್ಷಿಣ ಕ್ಯಾಲಿಫೋರ್ನಿಯಾದ ಬತ್ತಿದ ಕೆರೆಗಳ ಅಂಗಳದಲ್ಲಿದೆ. 1930ರ ದಶಕದಲ್ಲಿ ಮುರಾಕ್ ಮತ್ತು ಎಲ್ ಮಿರಾಜ್‌ನ ಚಪ್ಪಟೆ ನೆಲದ ಮೇಲೆ ಹುಡುಗರು ಹಳೆಯ ಫೋರ್ಡ್‌ಗಳನ್ನು ಓಡಿಸಿ ವೇಗ ಅಳೆಯುತ್ತಿದ್ದರು. ಮಾಡೆಲ್ ಟಿ, ಮಾಡೆಲ್ ಎ ಕಾರುಗಳು ಅಗ್ಗವಾಗಿ ಸಿಗುತ್ತಿದ್ದವು. 1932ರಲ್ಲಿ ಫೋರ್ಡ್ ಹೊರತಂದ 65 ಅಶ್ವಶಕ್ತಿಯ ವಿ-8 ಎಂಜಿನ್ ಸಾಮಾನ್ಯರ ಕೈಗೂ ಎಟುಕಿತು. ಮಡ್‌ಗಾರ್ಡ್ ಕಿತ್ತದ್ದು ತೂಕ ಇಳಿಸಲು, ಚಾವಣಿ ತಗ್ಗಿಸಿದ್ದು ಗಾಳಿಯ ತಡೆ ಕಡಿಮೆ ಮಾಡಲು. ಪ್ರತಿ ಕತ್ತರಿಕೆಗೂ ಒಂದು ಕಾರಣವಿತ್ತು. 1980, 90ರ ದಶಕಗಳಿಗೆ ಬರುವಾಗ ಹಾಟ್ ರಾಡ್ ಎಂದು ಕರೆಯುವ ಅದೇ ಪರಂಪರೆಯ ಕಾರುಗಳು ಕ್ರೋಮ್, ಅಲ್ಯೂಮಿನಿಯಂ, ಕನ್ನಡಿಯಂತೆ ಹೊಳೆಯುವ ಬಣ್ಣದಲ್ಲಿ ಮುಳುಗಿ, ರಸ್ತೆಗಿಳಿಯದೆ ಟ್ರೇಲರ್ ಏರಿ ಪ್ರದರ್ಶನಕ್ಕೆ ಹೋಗತೊಡಗಿದವು. ಸಂಬಳದವನಿಗೆ ಅಲ್ಲಿ ಜಾಗವಿರಲಿಲ್ಲ. ರ‍್ಯಾಟ್ ರಾಡ್ ಎಂಬ ಹೆಸರು ಚಾಲ್ತಿಗೆ ಬಂದದ್ದು ಆ ಕಾಲದಲ್ಲೇ. ‘ಹಾಟ್ ರಾಡ್’ ಪತ್ರಿಕೆಯ ಗ್ರೇ ಬ್ಯಾಸ್ಕರ್‌ವಿಲ್ ಅದನ್ನು ಬಳಕೆಗೆ ತಂದರೆಂದು ಸಾಮಾನ್ಯವಾಗಿ ಹೇಳುತ್ತಾರೆ.

ಹಳೆಯ ಸಂಪ್ರದಾಯದವರು ರ‍್ಯಾಟ್ ರಾಡಿನ ತುಕ್ಕನ್ನು ಒಪ್ಪುವುದಿಲ್ಲ. ಕೆರೆಯಂಗಳದ ಕಾಲದ ಹುಡುಗರಿಗೆ ತುಕ್ಕಿನ ಮೇಲೆ ಯಾವ ಮೋಹವೂ ಇರಲಿಲ್ಲ, ಪ್ರೈಮರ್ ಎಂದರೆ ದುಡ್ಡು ಕೂಡಿಬರುವ ತನಕದ ಕಾಯುವಿಕೆ, ಕೈಗೆ ಕಾಸು ಬಂದೊಡನೆ ಬಣ್ಣ ಹೊಡೆಸುತ್ತಿದ್ದರು ಎನ್ನುತ್ತಾರೆ. ಈ ಮಾತು ನಿಜ, ನಾನು ಒಪ್ಪುತ್ತೇನೆ. ಆದರೆ ಇದರಿಂದ ಬಿದ್ದುಹೋಗುವುದು ಸುಳ್ಳು ತುಕ್ಕು ಮಾತ್ರ. ಹೊಸ ತಗಡಿಗೆ ವಿನೆಗರ್, ಉಪ್ಪು, ಹೈಡ್ರೋಜನ್ ಪೆರಾಕ್ಸೈಡ್ ಚಿಮುಕಿಸಿ ತುಕ್ಕು ಬರಿಸಿ, ಅದು ಕೈಗೆ ಅಂಟದಂತೆ ಮೇಲೊಂದು ಲ್ಯಾಕರ್ ಹೊಡೆಯುವವರಿದ್ದಾರೆ. ಬಡತನದ ವೇಷಕ್ಕೆ ಖರ್ಚು ಮಾಡಿದವನು ತಾನು ವಿರೋಧಿಸಿದ ಕ್ರೋಮ್ ಕಾರಿನವನ ಪಕ್ಕದಲ್ಲೇ ಹೋಗಿ ನಿಂತಂತಾಯಿತು. ಅಲಂಕಾರವೆಲ್ಲ ವೇಷವೇ ತಾನೆ, ಇದೊಂದರ ಮೇಲೇಕೆ ಸಿಟ್ಟು ಎಂದು ಕೇಳಬಹುದು. ಬಾಗಿಲ ಹಿಡಿಗೆ ಹಳೆಯ ಸ್ಪ್ಯಾನರ್ ಬೆಸೆದಿದ್ದರೆ ನನಗೆ ಸಿಟ್ಟಿಲ್ಲ, ಅದು ಬಾಗಿಲು ತೆರೆಯುತ್ತದೆ. ಕೆಲಸ ಮಾಡುವ ಗುಜರಿ ಕಾರಿನ ಭಾಗ. ಕೆಲಸವಿಲ್ಲದೆ ನೇತಾಡುವ ಸರಪಳಿ, ಅಸ್ಥಿಪಂಜರದ ತಲೆಬುರುಡೆ ಬರೀ ಭಾರ.

ಕಾರು ಒಳ್ಳೆಯದೋ ಅಲ್ಲವೋ ಎಂಬುದು ಗೊತ್ತಾಗುವುದು ಅದರ ಅಡಿಯಲ್ಲಿ. ಕಾರನ್ನು ನೆಲಕ್ಕೆ ತಗ್ಗಿಸಲು ಷಾಸಿಯ ಉದ್ದದ ಕಂಬಿಯನ್ನು ಕತ್ತರಿಸಿ, ಹಿಂದಿನ ತುಂಡನ್ನು ಮೇಲಕ್ಕೇರಿಸಿ, ಮೆಟ್ಟಿಲಿನ ಆಕಾರದಲ್ಲಿ ಮತ್ತೆ ಬೆಸೆಯುತ್ತಾರೆ. ಮೇಲ್ನೋಟಕ್ಕೆ ನೀಟಾಗಿ ಕಾಣುವ ಬೆಸುಗೆ ಒಳಗೆ ಹಿಡಿದೇ ಇಲ್ಲದಿರಬಹುದು. ಬಲ್ಲವನು ಅಂಚುಗಳನ್ನು ಓರೆಯಾಗಿ ಉಜ್ಜಿ ಬೆಸುಗೆ ತಳ ಮುಟ್ಟುವಂತೆ ಮಾಡುತ್ತಾನೆ. ಕೀಲಿನ ಮೇಲೆ ವಜ್ರಾಕೃತಿಯ ಉಕ್ಕಿನ ಪಟ್ಟಿ ಇಟ್ಟು ಬೆಸೆದು, ಒತ್ತಡ ಒಂದೇ ಗೆರೆಯ ಮೇಲೆ ಬೀಳದಂತೆ ನೋಡಿಕೊಳ್ಳುತ್ತಾನೆ. ಬೇಕಾದದ್ದು ಒಂದು ತುಂಡು ಉಕ್ಕು, ಸ್ವಲ್ಪ ಹೊತ್ತಿನ ದುಡಿಮೆ. ಇನ್ನೊಂದು ಪರೀಕ್ಷೆಗೆ ದಾರದ ಎಳೆ ಸಾಕು. ಒಂದು ಬದಿಯ ರಿಮ್ಮಿನ ತಳದಿಂದ ಎದುರು ಬದಿಯ ಟೈರು ನೆಲಕ್ಕೆ ತಾಗುವ ಜಾಗದವರೆಗೆ ದಾರ ಎಳೆದರೆ, ಕಾರಿನ ಯಾವ ಭಾಗವೂ ಅದರ ಕೆಳಗೆ ಇಳಿದಿರಬಾರದು. ಇಳಿದಿದ್ದರೆ, ಟೈರು ಸಿಡಿದ ಗಳಿಗೆಯಲ್ಲಿ ಆ ಭಾಗ ರಸ್ತೆಗೆ ನಾಟಿಕೊಂಡು ಸ್ಟೀರಿಂಗ್ ಕೈಬಿಡುತ್ತದೆ. ಬ್ರೇಕಿನ ಮಾತು ಇನ್ನೂ ಗಂಭೀರ. ಮಾಡೆಲ್ ಎ 40 ಅಶ್ವಶಕ್ತಿಯ ಕಾರು, ಅದರ ಬ್ರೇಕು ಸರಳುಗಳಿಂದ ಎಳೆಯುವಂಥದ್ದು. ಫೋರ್ಡ್ ಕಾರುಗಳಿಗೆ ಹೈಡ್ರಾಲಿಕ್ ಬ್ರೇಕ್ ಬಂದದ್ದು 1939ರ ಮಾದರಿಯಲ್ಲಿ. ಮಾಡೆಲ್ ಎಯಂಥ ಗಾಡಿಗೆ 5.7 ಲೀಟರಿನ ಷೆವರ್ಲೆ ವಿ-8 ಕೂರಿಸಿ ಹಳೆಯ ಬ್ರೇಕನ್ನೇ ಉಳಿಸಿಕೊಂಡರೆ ಅದನ್ನು ಉಳಿತಾಯ ಎನ್ನಲಾಗದು. ಗುಜರಿಯಲ್ಲೇ ಡಿಸ್ಕ್ ಬ್ರೇಕ್ ಸಿಗುತ್ತದೆ. ಎರಡು ಪ್ರತ್ಯೇಕ ಕೋಣೆಗಳ ಮಾಸ್ಟರ್ ಸಿಲಿಂಡರ್ ಹಾಕಿದರೆ ಒಂದು ಕಡೆ ಎಣ್ಣೆ ಸೋರಿದರೂ ಇನ್ನೆರಡು ಚಕ್ರ ಹಿಡಿಯುತ್ತವೆ.

ಹಿಂದಿನವರು ಸರಳಿನ ಬ್ರೇಕಿನಲ್ಲೇ ಓಡಿಸಲಿಲ್ಲವೇ, ಅಪಾಯವೇ ಇದರ ರುಚಿಯಲ್ಲವೇ ಎನ್ನುವವರಿದ್ದಾರೆ. ಅವರು ಇತಿಹಾಸವನ್ನು ಅರ್ಧ ಓದಿದ್ದಾರೆ. 1937ರಲ್ಲೇ ಆ ಕೆರೆಯಂಗಳದ ಕ್ಲಬ್ಬುಗಳು ಸೇರಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಕಟ್ಟಿಕೊಂಡು ಓಟಕ್ಕೆ ಶಿಸ್ತು ತಂದವು. 1951ರಲ್ಲಿ ವಾಲಿ ಪಾರ್ಕ್ಸ್ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಸ್ಥಾಪಿಸಿದ್ದೂ ಬೀದಿಯ ಪಂದ್ಯವನ್ನು ಸುರಕ್ಷತೆಯ ನಿಯಮಗಳಿರುವ ಅಂಕಣಕ್ಕೆ ಕರೆತರಲು. ಎಚ್ಚರ ಈ ಪರಂಪರೆಯ ಒಳಗೇ ಇದೆ. ಮೇಲಾಗಿ ರಸ್ತೆ ಒಬ್ಬನದಲ್ಲ. ಬ್ರೇಕಿನಲ್ಲಿ ದುಡ್ಡು ಉಳಿಸಿದವನು ಒಬ್ಬ, ಗುದ್ದಿಸಿಕೊಳ್ಳುವವನು ಇನ್ನೊಬ್ಬ. ನಮ್ಮ ದೇಶದಲ್ಲಂತೂ ವಾಹನದ ಮೂಲ ರೂಪ ಬದಲಿಸುವುದನ್ನು ತಡೆಯುವ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಮತ್ತು 2019ರ ಸುಪ್ರೀಂ ಕೋರ್ಟ್ ತೀರ್ಪಿನ ಮುಂದೆ ಇಂಥ ಗಾಡಿಯನ್ನು ರಸ್ತೆಗಿಳಿಸುವುದು ದೂರದ ಮಾತು.

ಅಮೆರಿಕದಲ್ಲಿರುವ ಕನ್ನಡಿಗರು ಊರಿನ ಕಾರ್ ಷೋಗೆ ಹೋದರೆ, ತುಕ್ಕಿನ ಮುಂದೆ ಫೋಟೊ ತೆಗೆಸಿಕೊಳ್ಳುವ ಮೊದಲು ಒಮ್ಮೆ ಬಗ್ಗಿ ಬೆಸುಗೆ ನೋಡಿ. ಕಾರು ಟ್ರೇಲರಿನಲ್ಲಿ ಬಂತೋ, ಓಡಿಸಿಕೊಂಡು ಬಂದರೋ ಎಂದು ಕಟ್ಟಿದವರನ್ನೇ ಕೇಳಿ.