ಮನೆ ತುಂಬಿದ ಮೇಲೆ

ಸೇಡಂ ತಾಲೂಕಿನ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾಗಿದ್ದಿತು, ಕ್ರಿ. ಶ. 972ರಲ್ಲಿ ಪರಮಾರ ಸೀಯಕನು ಅದನ್ನು ಸೂರೆಗೈದನು. ಇಂದು ಅದೇ ಸೀಮೆಯ ಸುಣ್ಣಗಲ್ಲು ವಾಡಿಯ ಸಿಮೆಂಟಾಗಿ, ಶಹಾಬಾದಿನ ಫರಸಿಯಾಗಿ ನಮ್ಮ ಮನೆಗಳಿಗೆ ಬರುತ್ತದೆ. ಹಾಳುಬಿದ್ದ ಕೋಟೆಯ ನೆರೆಯ ಕಲ್ಲಿನ ಮೇಲೆಯೇ ನಿಂತು ನಾವು ‘ಇದು ಶಾಶ್ವತ’ ಎನ್ನುತ್ತೇವೆ!

ವಸ್ತುಗಳ ಈ ಹಂಬಲಕ್ಕೆ ಭೋಗವೊಂದೇ ಬೇರೆಂದು ನನಗೆ ತೋರುವುದಿಲ್ಲ. ಸಾವಿನ ಅಂಜಿಕೆಯೂ ಅಲ್ಲಿದೆ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ಕಾದಂಬರಿಯನ್ನು ಓದಿದಾಗ ಈ ಮಾತು ಮನಸ್ಸಿಗೆ ನಾಟಿತು. ಇಕ್ಕಟ್ಟಿನ ಮನೆಯಲ್ಲಿ ಕಷ್ಟವನ್ನು ಹಂಚಿಕೊಂಡು ಬಾಳಿದ ಕುಟುಂಬವದು. ಮಸಾಲೆ ವ್ಯಾಪಾರದ ಹಣ ಬಂದಮೇಲೆ ಬೇಡವಾದ ಸಾಮಾನೂ ಮನೆ ಸೇರುತ್ತದೆ. ಆದರೆ ಭಯವು ಹೋಗುವುದಿಲ್ಲ. ಚಿಕ್ಕಪ್ಪನ ಗಳಿಕೆಯನ್ನು ಕಾಯುವುದೇ ಎಲ್ಲರ ಧರ್ಮವಾಗುತ್ತದೆ. ಹಿಂದೆ ಇರುವೆಗಳನ್ನು ಹೊಸಕಿದ ಮನೆಗೆ ಕೊನೆಗೆ ಮನುಷ್ಯರೇ ಅಡ್ಡಿಯಾಗಿ ಕಾಣುತ್ತಾರೆ.

ಹಾಗೆಂದು ಬಡತನವು ಪುಣ್ಯವಲ್ಲ. ಕಲ್ಲುಗಣಿಯಲ್ಲಿ ದುಡಿಯುವವನಿಗೂ ಭದ್ರವಾದ ಸೂರು ಬೇಕೇ ಬೇಕು. ಮನೆಯು ನಮ್ಮನ್ನು ಮಳೆಯಿಂದ ಕಾಯಬಲ್ಲದು. ಸಾವಿನಿಂದಲೂ ಕಾಯೆಂದು ಬೇಡಿದರೆ, ಅದು ನಮ್ಮಿಂದ ಯಾರನ್ನು ಬಲಿ ಕೇಳೀತು? ಹೊಸ ಸಾಮಾನನ್ನು ಒಳಗೆ ತರುವಾಗ ಇಷ್ಟನ್ನಾದರೂ ಯೋಚಿಸಬೇಡವೆ?